ಕಥೆ ವಾಪಸ್ ಕೊಡುವ ಪದ್ಧತಿ

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ನನ್ನನ್ನು ಅಂಟಿಸಿದ್ದಾರೆ. ‘ಅಜ್ಜಿ, ಕನ್ನಡ, ಸಂಜೆ ನಾಲ್ಕೂವರೆ’ ಎಂದು. ಮೇಲಿನ ಸಾಲಿನಲ್ಲಿ ಹಗ್ಗದಾಟ, ಕೆಳಗಿನ ಸಾಲಿನಲ್ಲಿ ಹಾಲು, ನಡುವೆ ನಾನು. ಈ ಮನೆಯಲ್ಲಿ ಬೇಕೆನಿಸಿದಾಗ ಬಾಯಿ ಬಿಟ್ಟವಳು, ಬೇಡವೆಂದಾಗಲೂ ಬಿಟ್ಟವಳು. ಈಗ ನನ್ನ ಮಾತಿಗೂ ಗಂಟೆ ಗೊತ್ತುಮಾಡಿದ್ದಾರೆ.

ವಿಷಯ ಇಷ್ಟೇ. ಮೊಮ್ಮಗಳು ಇಂಚರಾಗೆ ಆರು ವರ್ಷ. ಅವಳನ್ನು ಸ್ಕೂಲಿಗೆ ಹಾಕಿಲ್ಲ, ಸೊಸೆ ಶ್ವೇತಾ ಮನೆಯಲ್ಲೇ ಕಲಿಸುತ್ತಾಳೆ. ಅದಕ್ಕೆ ನನ್ನ ತಕರಾರಿಲ್ಲ. ನಮ್ಮೂರು ಕೋಗಿಲಿನಿಂದ ಹೆಬ್ಬಾಳದ ಆಚೆಗೆ ಮಗುವನ್ನು ವ್ಯಾನಿನಲ್ಲಿ ತುಂಬಿ ಕಳಿಸಿದರೆ ಅದು ಕಲಿಯುವುದು ಟ್ರಾಫಿಕ್ಕನ್ನೇ. ಮೂರನೇ ಕ್ಲಾಸಿಗೆ ಸ್ಲೇಟು ಇಟ್ಟು ಎದ್ದವಳು ನಾನು, ಸ್ಕೂಲಿನ ಪರ ವಕಾಲತ್ತು ವಹಿಸುವಷ್ಟು ಋಣ ನನಗೂ ಅದಕ್ಕೂ ಇಲ್ಲ. ನನ್ನ ಸಿಟ್ಟೆಲ್ಲ ಭಾಷೆ ಕಲಿಸುವ ವಿಚಾರಕ್ಕೆ.

ಒಂದು ಮಗುವಿಗೆ ಮಾತು, ಓದು, ಬರಹ ಹೇಳಿಕೊಡಲು ಇಷ್ಟೊಂದು ಪದ್ಧತಿಗಳಿವೆಯೆಂದು ನನಗೆ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಸೀರೆ ಬಿಚ್ಚಿಸಿದ ಹಾಗೆ ಶ್ವೇತಾ ಒಂದೊಂದನ್ನೇ ಬಿಚ್ಚಿಸಿ ನೋಡಿದಳು. ಮೊದಲು ಸದ್ದಿನ ಪದ್ಧತಿ ಬಂತು. ಅಕ್ಷರದ ಹೆಸರೆತ್ತಬಾರದು, ಬರೀ ಸದ್ದು ಮಾಡಬೇಕು. ತಾಯಿ ಮಗಳಿಬ್ಬರೂ ಬೆಳಗ್ಗೆಯೆಲ್ಲ ಸ್ಸ್ ಫ್ಫ್ ಎನ್ನುತ್ತಿದ್ದರೆ ಮೇಲಿನ ಮನೆಯ ಬಾಡಿಗೆಯವರು ಇಳಿದುಬಂದು ಕುಕ್ಕರ್ ಕೆಟ್ಟಿದೆಯೇ ಎಂದು ವಿಚಾರಿಸಿದರು. ಆಮೇಲೆ ರವೆಯ ಪದ್ಧತಿ. ತಟ್ಟೆಯಲ್ಲಿ ರವೆ ಹರಡಿ ಬೆರಳಿನಲ್ಲಿ ತೀಡುವುದು. ಇದು ನಮ್ಮ ಅಕ್ಷರಾಭ್ಯಾಸದ ಅಕ್ಕಿಗೆ ತಂಗಿಯಾಗಬೇಕು ಎಂದು ನಾನೂ ಖುಷಿಪಟ್ಟೆ. ಹತ್ತಿರ ಹೋಗಿ ನೋಡಿದರೆ ರವೆಗೆ ನೀಲಿ ಬಣ್ಣ ಕಲಸಿದ್ದಾಳೆ! ಉಪ್ಪಿಟ್ಟಿಗೂ ಆಗಲಿಲ್ಲ, ಹೊರಗೆ ಚೆಲ್ಲಿದರೆ ಇರುವೆಯೂ ಮೂಸಲಿಲ್ಲ. ಅದು ಮುಗಿಯಿತೆನ್ನುವಾಗ, ಏಳು ವರ್ಷ ತುಂಬುವ ತನಕ ಮಗುವಿನ ಕಣ್ಣಿಗೆ ಅಕ್ಷರವೇ ಬೀಳಬಾರದೆನ್ನುವ ಪದ್ಧತಿ. ಗೋಡೆಯ ಕ್ಯಾಲೆಂಡರನ್ನೂ ತಿರುಗಿಸಿ ನೇತುಹಾಕಿದಳು. ನನ್ನ ಏಕಾದಶಿ ತಪ್ಪಿಹೋಯಿತು.

ಕೊನೆಗೆ ಇತ್ಯರ್ಥವಾದದ್ದು ವಾಪಸ್ ಹೇಳುವ ಪದ್ಧತಿ. ಫೋನಿನಲ್ಲಿ ಬರುವ ಯಾರೋ ಮೇಡಂ ಹೇಳಿಕೊಟ್ಟದ್ದು. ದೊಡ್ಡವರು ಕಥೆ ಹೇಳಬೇಕು, ಒಂದೇ ಸಲ. ಕೇಳಿದ ಮಗು ಅದನ್ನು ಅಲ್ಲೇ ವಾಪಸ್ ಹೇಳಬೇಕು. ಜೊತೆಗೆ ಇನ್ನೊಂದು ಕಟ್ಟಳೆ: ಒಬ್ಬರಿಗೆ ಒಂದೇ ಭಾಷೆ. ಇಂಗ್ಲಿಷಿಗೆ ಶ್ವೇತಾ, ಕನ್ನಡಕ್ಕೆ ನಾನು. ಬೆರಕೆ ಕೂಡದು.

ಬೆರಕೆ ಕೂಡದಂತೆ! ನಮ್ಮದು ಹಳೇ ಊರಿನ ಮನೆ. ಇಲ್ಲಿ ಹರಕೆ ಕಟ್ಟುವುದು ಕನ್ನಡದಲ್ಲಿ, ಬೈಯುವುದು ತೆಲುಗಿನಲ್ಲಿ, ಸೊಪ್ಪಿನವಳ ಜೊತೆ ಚೌಕಾಸಿ ತಮಿಳಿನಲ್ಲಿ. ದ್ರಾಕ್ಷಿ ತೋಟವಿದ್ದ ಕಾಲದಲ್ಲಿ ಹಣ್ಣು ಕೊಳ್ಳಲು ಬರುತ್ತಿದ್ದ ಸಾಬರ ಜೊತೆ ಉರ್ದುವಿನಲ್ಲೇ ಜಗಳವಾಡಿ ಗೆದ್ದವಳು ನಾನು. ಇದಕ್ಕೆಲ್ಲ ನಮಗೆ ಪದ್ಧತಿ ಹೇಳಿಕೊಟ್ಟವರು ಯಾರು? ಬೇಕಾಗಿತ್ತು, ಬಂತು. ತೆಲುಗು ಬಿಟ್ಟು ಬೈಯಿ ಎಂದರೆ ಉಪ್ಪು ಬಿಟ್ಟು ಸಾರು ಮಾಡು ಎಂದ ಹಾಗೆ.

ಆದರೂ ಒಪ್ಪಿ ಕೂತೆ. ಮುದುಕಿಯ ಕಂಬಳಿ ಕದ್ದ ತೋಳದ ಕಥೆ ಹೇಳಿದೆ. ಮುಗಿದಿದೆ, ಮಗು ಇನ್ನೂ ಕಣ್ಣರಳಿಸಿಕೊಂಡು ತೋಳದ ಹಿಂದೆಯೇ ಓಡುತ್ತಿದೆ, ಅಷ್ಟರಲ್ಲಿ ಶ್ವೇತಾ ರೆಕಾರ್ಡ್ ಮಾಡಲು ಫೋನು ಎತ್ತಿ ಹಿಡಿದು, “ಈಗ ನೀನು ಹೇಳು ಕಂದ. ಮೊದಲು ಏನಾಯ್ತು?” ಎಂದಳು, ತನ್ನ ಇಂಗ್ಲಿಷಿನ ಕಟ್ಟಳೆಯನ್ನು ತಾನೇ ಮರೆತು. ಹೋಳಿಗೆ ಬಾಯಿಗಿಟ್ಟವರನ್ನು ಬಾಯಿ ತೆರೆದು ತೋರಿಸು ಎನ್ನುತ್ತಾರೆಯೇ ಯಾರಾದರೂ? ಕೆಲವು ದಿನ ಹೀಗೆಯೇ ನಡೆಯಿತು. ಒಂದು ಸಂಜೆ ನಾನು ‘ಒಂದೂರಲ್ಲಿ’ ಎಂದದ್ದೇ ತಡ, ಇಂಚರಾ ಎದ್ದು ನಿಂತಳು.

“ಅಜ್ಜಿ, ಕಥೆ ಬೇಡ. ಕೇಳಿದ್ರೆ ಹೇಳ್ಬೇಕು.”

ನನ್ನ ಮೈ ಉರಿದುಹೋಯಿತು. ಆ ಮಗುವಿಗೆ ಕೊಡಲು ನನ್ನ ಹತ್ತಿರ ಬೇರೇನಿದೆ? ಇಂಗ್ಲಿಷ್ ಅವಳಮ್ಮ ಕೊಡುತ್ತಾಳೆ, ಸೈಕಲ್ಲು ಅವಳಪ್ಪ ಕೊಡಿಸುತ್ತಾನೆ. ಕಥೆಯೂ ಬೇಡವೆಂದರೆ ಅವಳ ಪಾಲಿಗೆ ನಾನು ಸೋಫಾದ ಮೇಲಿನ ಇನ್ನೊಂದು ದಿಂಬು. ನೆಟ್ಟಗೆ ಅಡುಗೆಮನೆಗೆ, ಶ್ವೇತಾಳ ಹತ್ತಿರ ಹೋದೆ.

“ಕೋಳಿ ಮೊಟ್ಟೆ ಇಕ್ತಿದ್ದಂಗೇ ಎತ್ಕೊಂಡು ಮರಿ ಎಲ್ಲಿ ಅಂತೀಯಲ್ಲೇ! ಕಾವು ಬ್ಯಾಡ್ವೇನೇ ಅದ್ಕೆ?”

“ಅವಳಿಗೆ ಅರ್ಥ ಆಯ್ತೋ ಇಲ್ವೋ ನಂಗೆ ಹೇಗೆ ಗೊತ್ತಾಗ್ಬೇಕು ಅತ್ತೆ? ನಾಳೆ ಏನೂ ಬರ್ಲಿಲ್ಲ ಅಂದ್ರೆ ಜನ ಕೇಳೋದು ನನ್ನನ್ನ, ನಿಮ್ಮನ್ನಲ್ಲ.”

ಅದೂ ನಿಜವೇ. ಆದರೆ ನಿಜವೆಂದು ಅವಳ ಮುಂದೆ ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಮಾತು ಬಿಟ್ಟೆ.

ಅಷ್ಟರಲ್ಲಿ ಅವರೆಕಾಯಿ ಕಾಲ ಬಂತು. ಮಗ ಮಂಜ ಒಂದು ಮೂಟೆ ತಂದು ಹಾಕಿದ. ಹಿತಕಿದ ಬೇಳೆ ಸಾರು ಬೇಕೆಂದರೆ ನೆನೆದ ಕಾಳನ್ನು ಒಂದೊಂದೇ ಹಿತಕಿ ಸಿಪ್ಪೆ ಬಿಡಿಸಬೇಕು. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ, ಮಾತು ಬಿಟ್ಟವರೂ ಒಂದೇ ಪರಾತದ ಸುತ್ತ ಕೂರಲೇಬೇಕು. ಶ್ವೇತಾಳ ಕೈ ಮೊಣಕೈವರೆಗೂ ಅವರೆ ಸೊಗಡು, ಫೋನು ಮುಟ್ಟುವ ಹಾಗಿಲ್ಲ. ಇಂಚರಾ ಹಿತಕಿದ ಕಾಳು ಪುಳಕ್ಕೆಂದು ಹಾರಿ ಅವಳಪ್ಪನ ಮೂಗಿಗೆ ಬಡಿಯಿತು. ನಗುತ್ತ ನಗುತ್ತ, ಯಾರೂ ಕೇಳದೆ, ಹುಡುಗಿ ಶುರುಮಾಡಿದಳು.

“ಅಪ್ಪ, ಒಂದು ತೋಳ ಇತ್ತಂತೆ. ಕಂಬಳಿ ಹೊದ್ಕೊಂಡು ಕೋಗಿಲು ಕ್ರಾಸಲ್ಲಿ ಬಸ್ಸಿಗೆ ಕಾಯ್ತಿತ್ತಂತೆ. ಮುದುಕಿ ಬಂದು, ‘ಏಯ್ ತೋಳ, ಆಧಾರ್ ಕಾರ್ಡ್ ಐತೇನೋ? ಲೇಡೀಸಿಗೆ ಮಾತ್ರ ಫ್ರೀ!’ ಅಂದ್ಳಂತೆ...”

ನಮ್ಮಜ್ಜಿ ನನಗೆ ಹೇಳಿದ ಕಥೆಯಲ್ಲಿ ಆಧಾರ್ ಕಾರ್ಡೇ! ನನಗೆ ತಡೆಯಲಾಗಲಿಲ್ಲ.

“ಅಂಗಲ್ಲ ಕಣೇ, ನಾನ್ ಏಳಿದ್ದು ಇಂಗಾ? ಮೊದ್ಲು ತೋಳ ಕಂಬಳಿ ಕದೀತದೆ, ಆಮ್ಯಾಕೆ ಮುದುಕಿ...”

ಹುಡುಗಿಯ ಬಾಯಿ ಮುಚ್ಚಿತು. ಕೈಯೂ ನಿಂತಿತು.

ಶ್ವೇತಾ ಮೊಣಕೈಯಿಂದ ನನ್ನನ್ನು ತಿವಿದಳು. “ಸುಮ್ನಿರಿ ಅತ್ತೆ. ಅವಳು ಹೇಳ್ಲಿ.”

ಈ ಮನೆಗೆ ಬಂದಾಗಿನಿಂದ ಅವಳು ನನಗೆ ಸುಮ್ಮನಿರಿ ಎಂದದ್ದು ಅದೇ ಮೊದಲು. ಸಿಟ್ಟು ನೆತ್ತಿಗೇರಿತು. ನಾಲಿಗೆಯ ತುದಿಗೆ ತೆಲುಗೂ ಬಂದಿತ್ತು. ಆದರೆ ಇಷ್ಟು ದಿನ ಅವಳಿಗೆ ಹೇಳಬೇಕೆಂದು ನಾನು ಮಸೆಯುತ್ತಿದ್ದ ಮಾತೇ ಅದು. ಅದನ್ನು ಅವಳಿಂದ ನಾನೇ ಕೇಳಿಸಿಕೊಳ್ಳಬೇಕಾಯಿತು. ನುಂಗಿಕೊಂಡೆ. ಅಮ್ಮ ಪ್ರಶ್ನೆ ಕೇಳಲಿಲ್ಲ, ಅಜ್ಜಿ ತಿದ್ದಲಿಲ್ಲ. ಸ್ವಲ್ಪ ಹೊತ್ತಿಗೆ ತೋಳ ತಾನಾಗಿ ಬಸ್ಸು ಹತ್ತಿತು. ಚಿಲ್ಲರೆ ಕೊಡದ ಕಂಡಕ್ಟರನನ್ನು ಅಪ್ಪಟ ನನ್ನ ತೆಲುಗಿನಲ್ಲೇ ಬೈಯಿತು. ಶ್ವೇತಾ ನಗು ತಡೆಯಲಾರದೆ ಪರಾತದ ಮೇಲೆ ಬಗ್ಗಿದಳು.

ಕಥೆ ಮುಗಿಸಿ ಇಂಚರಾ ನನ್ನ ತೊಡೆಗೆ ಒರಗಿದಳು. “ಅಜ್ಜಿ, ಈಗ ನೀನೊಂದು ಹೇಳು.”

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಶ್ವೇತಾ ಮೆಲ್ಲಗೆ ಕೇಳಿದಳು, “ಅತ್ತೆ, ಅವರೆಕಾಯಿ ಕಾಲ ಮುಗಿದ್ಮೇಲೆ ಏನ್ ಮಾಡೋದು?”

“ಉಣ್ಸೆಹಣ್ಣು ಬತ್ತದೆ. ಬೀಜ ಬಿಡಿಸೋಕೆ ಕೂತ್ಕೊ,” ಎಂದೆ.