ಹೂಮೂಲೆಯ ಚೌಕಟ್ಟು

ಮೃತ್ಯುಂಜಯನಿಗೆ ಐವತ್ತೇಳು ವರ್ಷ. ಅದರಲ್ಲಿ ನಲವತ್ತು ವರ್ಷ ಅಕ್ಷರ ಕೂರಿಸುವುದರಲ್ಲೇ ಕಳೆದುಹೋಗಿತ್ತು. ಮೊದಲು ಒಂದು ಪ್ರೆಸ್ಸಿನಲ್ಲಿ ನಿಂತುಕೊಂಡು ಸೀಸದ ಅಚ್ಚುಮೊಳೆ ಜೋಡಿಸಿದ. ಮೊಳೆಗಳೆಲ್ಲ ಗುಜರಿಗೆ ಹೋದ ಮೇಲೆ ಕೂತುಕೊಂಡು ಡಿಟಿಪಿ ಮಾಡಿದ. ನಿಂತದ್ದಕ್ಕೆ ಕಾಲಿನ ನರ ಉಬ್ಬಿದವು, ಕೂತದ್ದಕ್ಕೆ ಕತ್ತು ಹಿಡಿಯಿತು. ಇನ್ನೇನು ಸಾಕಪ್ಪಾ ಅನ್ನುವ ಹೊತ್ತಿಗೆ ಲೇಟೆಕ್ ಅನ್ನುವ ಹೊಸ ವಿದ್ಯೆ ತಲೆಗೆ ಬಿತ್ತು. ಅದರಲ್ಲಿ ಅಕ್ಷರವನ್ನು ಕೈಯಿಂದ ಎಳೆದು ಕೂರಿಸುವ ಹಾಗಿಲ್ಲ. ಇದು ತಲೆಬರಹ, ಇದು ಪ್ಯಾರಾ, ಇದು ಪಟ್ಟಿ ಎಂದು ಬರೆದು ಹೇಳಬೇಕು, ಆಮೇಲೆ ಅದೇ ಕೂರಿಸಿಕೊಡುತ್ತದೆ. ಉದಯಗಿರಿಯ ವಠಾರದಲ್ಲಿ, ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಅದನ್ನೂ ಕಲಿತ.

ಕಲಿಯದೆ ಗತಿಯಿರಲಿಲ್ಲ. ಪರೀಕ್ಷೆಯ ಗೈಡುಗಳನ್ನು ಅಚ್ಚು ಹಾಕಿಸುವ ವಸಿಷ್ಠ ಹೋದ ವರ್ಷವೇ ಹೇಳಿಬಿಟ್ಟಿದ್ದ: "ಕಣ್ಣು ಕಾಣದ ಮಕ್ಕಳೂ ಫೋನಲ್ಲಿ ಕೇಳಿಸ್ಕೊಂಡು ಓದೋ ಹಾಗೆ ಫೈಲ್ ಮಾಡಿಕೊಡಿ ಮೃತ್ಯುಂಜಯ. ಇನ್ಮೇಲೆ ಅದೇ ಕೇಳ್ತಾರೆ."

ಅಂಥ ಫೈಲಿನಲ್ಲಿ ಪುಟದ ಮೇಲಿರುವ ಪ್ರತಿಯೊಂದಕ್ಕೂ ಒಳಗಡೆ ಒಂದು ಗುರುತು ಅಂಟಿಸಬೇಕು. ಟ್ಯಾಗು ಅನ್ನುತ್ತಾರೆ. ಫೋನಿನ ದನಿ ಆ ಗುರುತು ಹಿಡಿದುಕೊಂಡೇ ಓದುವುದು. ಇದನ್ನು ತಾಯಿ ಬಸಮ್ಮನಿಗೆ ಹೇಳಿದಾಗ ಆಕೆ ನಕ್ಕಿದ್ದಳು.

"ನಿನ್ ಹೆಂಡ್ತಿ ಅಡುಗೆಮನೆ ಡಬ್ಬಕ್ಕೆಲ್ಲಾ ಚೀಟಿ ಅಂಟಿಸವ್ಳಲ್ಲ, ಅಂಗಾ? ಓದೋಕ್ಬರದ ನಂಗೆ ಆ ಚೀಟಿ ಎಂಗಿದ್ರೇನು? ಅಲ್ಲಾಡ್ಸಿ ನೋಡ್ತೀನಿ. ತೊಗರಿಬೇಳೆ ಸದ್ದೇ ಬೇರೆ, ಕಡ್ಲೆಬೇಳೆ ಸದ್ದೇ ಬೇರೆ."

"ಅಂಥದ್ದೇ ಕಣವ್ವ. ಸದ್ದು ಬರೋ ಚೀಟಿ," ಅಂದಿದ್ದ ಅವನು.

ಈ ಸಲ ದ್ವಿತೀಯ ಪಿಯುಸಿ ಇತಿಹಾಸದ ಗೈಡು ಬಂತು. ಇನ್ನೂರ ಹನ್ನೆರಡು ಪುಟ. ಮುಗಿಸಿ, ತಪ್ಪು ಹುಡುಕುವ ಸಾಫ್ಟ್‌ವೇರಿಗೆ ಹಾಕಿದರೆ ಉದ್ದಕ್ಕೂ ಕೆಂಪು ಗುರುತು. ಬಹುಪಾಲು ಕೆಂಪು ಅವನ ಚೌಕಟ್ಟುಗಳ ಮೇಲೆಯೇ. ಪಾಠದ ಕೊನೆಯ ಪ್ರಶ್ನೆಗಳ ತಲೆಗೆ ಮೃತ್ಯುಂಜಯ ಮೊಳೆಯ ಕಾಲದಿಂದಲೂ ಒಂದು ಚೌಕಟ್ಟು ಹಾಕುತ್ತಿದ್ದ. ನಾಲ್ಕು ಮೂಲೆಗೂ ಒಂದೊಂದು ಪುಟ್ಟ ಹೂವು, ನಡುವೆ 'ಹೊಂದಿಸಿ ಬರೆಯಿರಿ' ಎಂಬ ದಪ್ಪ ಅಕ್ಷರ. ಅದರ ಕೆಳಗೆ ಎಡಕ್ಕೊಂದು ಪಟ್ಟಿ, ಬಲಕ್ಕೊಂದು ಪಟ್ಟಿ. ಆ ಹೂವು ನೋಡಿಯೇ ಇದು ಮೃತ್ಯುಂಜಯನ ಕೆಲಸ ಅನ್ನುತ್ತಿದ್ದವರಿದ್ದರು.

ನಲವತ್ತಾರು ಚೌಕಟ್ಟು. ಒಂದೊಂದನ್ನೂ ಬಿಚ್ಚಿ ಗುರುತು ಅಂಟಿಸುವಷ್ಟು ಶಕ್ತಿ ಅವತ್ತು ಅವನಲ್ಲಿರಲಿಲ್ಲ. ಕಣ್ಣು ಉರಿಯುತ್ತಿತ್ತು, ವಸಿಷ್ಠನ ಫೋನು ಮೂರು ಸಲ ಬಂದಿತ್ತು. ಅದಕ್ಕೊಂದು ಒಳದಾರಿ ಅವನಿಗೆ ಗೊತ್ತಿತ್ತು. ಅಂಚಿನ ಗೆರೆ, ಬಳ್ಳಿ ಮುಂತಾದವಕ್ಕೆ 'ಇದು ಬರೀ ಅಲಂಕಾರ' ಎಂದು ಬರೆದುಬಿಟ್ಟರೆ ಸಾಫ್ಟ್‌ವೇರು ಸುಮ್ಮನಾಗುತ್ತದೆ, ಫೋನಿನ ದನಿಯೂ ಅದನ್ನು ಓದದೆ ದಾಟಿಕೊಂಡು ಹೋಗುತ್ತದೆ. ನಲವತ್ತಾರಕ್ಕೂ ಹಾಗೇ ಬರೆದ. ಕೆಂಪೆಲ್ಲ ಹಸಿರಾಯಿತು. ಫೈಲು ಕಳಿಸಿ ಮಲಗಿದ.

ಪಕ್ಕದ ಮನೆಯಲ್ಲಿ ಲಹರಿ ಇದ್ದಳು. ಇಪ್ಪತ್ತಾರರ ಹುಡುಗಿ. ಹತ್ತನೇ ಕ್ಲಾಸು ಪಾಸಾದ ವರ್ಷವೇ ಕಣ್ಣು ಮಂಜಾಗುತ್ತಾ ಬಂದು ಆಮೇಲೆ ಪೂರ್ತಿ ಹೋಗಿತ್ತು. ಈಗ ಖಾಸಗಿಯಾಗಿ ಪಿಯುಸಿ ಕಟ್ಟಿದ್ದಳು. ಮಿಕ್ಕೆಲ್ಲ ವಿಷಯ ಪಾಸು. ಇತಿಹಾಸವೊಂದು ಎರಡು ಸಲ ಕೈಕೊಟ್ಟಿತ್ತು. "ಈ ಸಲನೂ ಹೋದ್ರೆ ಅಪ್ಪ ಸಾಕು ಬುಡು ಅಂತಾರೆ ಅಜ್ಜಿ," ಎಂದು ಬಸಮ್ಮನ ಹತ್ತಿರ ಹೇಳಿಕೊಂಡಿದ್ದಳು. ಫೈಲು ಬಂದ ದಿನದಿಂದ ಫೋನು ಕಿವಿಗೆ ಹಿಡಿದವಳು ಇಳಿಸಿರಲಿಲ್ಲ.

ಪರೀಕ್ಷೆಗೆ ಹದಿನೆಂಟು ದಿನ ಇತ್ತು. ಮಧ್ಯಾಹ್ನ ಜಗಲಿಯ ಮೇಲೆ ಬಸಮ್ಮನೂ ಲಹರಿಯೂ ಅವರೆಕಾಯಿ ಬಿಡಿಸುತ್ತಿದ್ದರು. ಒಳಗೆ ಮೃತ್ಯುಂಜಯ ಇನ್ಯಾವುದೋ ಮದುವೆ ಪತ್ರಿಕೆ ಕೂರಿಸುತ್ತಿದ್ದ.

"ಏನ್ ಓದ್ದೆ ಹೇಳವ್ವ, ನಾನೂ ಕೇಳ್ತೀನಿ," ಅಂದಳು ಬಸಮ್ಮ.

"ರಾಜಧಾನಿಗಳು ಅಜ್ಜಿ. ಬಾಯಿಪಾಠ ಆಗೋಗಿದೆ. ಕದಂಬರು, ಮಾನ್ಯಖೇಟ. ಗಂಗರು, ಬಾದಾಮಿ. ರಾಷ್ಟ್ರಕೂಟರು, ತಲಕಾಡು..."

ಬಸಮ್ಮನ ಕೈ ನಿಂತಿತು. "ಯಾರ್ದು ತಲಕಾಡು?"

"ರಾಷ್ಟ್ರಕೂಟರದು."

"ಅಲ್ಲ ಕಣವ್ವ. ಪಂಚಲಿಂಗ ದರ್ಶನಕ್ಕೆ ಹೋಗಿದ್ದಾಗ ಅಲ್ಲಿ ಒಬ್ರು ನಿಂತ್ಕೊಂಡು ಹೇಳ್ತಿದ್ರು, ಗಂಗರ ಊರು ಇದು ಅಂತ. ಕಾಲು ಮರಳಲ್ಲಿ ಮೊಣಕಾಲ್ಗಂಟ ಊತೋಗಿತ್ತು, ಅದ್ಕೇ ಚೆನ್ನಾಗಿ ಗ್ಯಾಪಕ ಅದೆ."

"ನಂಗೂ ಯಾಕೋ ಅಂಗೇ ಅನ್ಸಿತ್ತು ಅಜ್ಜಿ. ಆದ್ರೆ ಪುಸ್ತಕದಲ್ಲೇ ಇದೆಯಲ್ಲ. ಅಂಕಲ್ಲೇ ಮಾಡಿರೋದು," ಅಂದಳು ಲಹರಿ ಮೆಲ್ಲಗೆ.

ಒಳಗೆ ಕೂತಿದ್ದ ಮೃತ್ಯುಂಜಯನಿಗೆ ಅದು ಕೇಳಿಸಿತು. ಎದ್ದು ಬಂದು ಅವಳ ಫೋನು ಈಸಿಕೊಂಡು ಆ ಜಾಗ ಹಾಕಿ ಕೇಳಿದ. ದನಿ ಅಡ್ಡಸಾಲಿನಲ್ಲಿ ಓದಿಕೊಂಡು ಹೋಯಿತು: ಎಡಗಡೆಯದೊಂದು, ಬಲಗಡೆಯದೊಂದು. ಹೊಂದಿಸಿ ಬರೆಯಿರಿ ಎಂಬ ಮಾತು ಎಲ್ಲೂ ಬರಲಿಲ್ಲ. ಅದು ಚೌಕಟ್ಟಿನ ಒಳಗಿತ್ತು. ಚೌಕಟ್ಟು ಬರೀ ಅಲಂಕಾರ ಎಂದು ಅವನೇ ಬರೆದಿದ್ದ. ಕಣ್ಣಿದ್ದವರಿಗೆ ಅದು ಪ್ರಶ್ನೆ. ಕಿವಿಯಲ್ಲಿ ಓದುವವಳಿಗೆ ಉತ್ತರವಾಗಿಬಿಟ್ಟಿತ್ತು.

"ಇಂಥವು ಎಷ್ಟು ಬಾಯಿಪಾಠ ಮಾಡಿದ್ದೀಯಮ್ಮ?"

"ಎಲ್ಲಾನೂ ಅಂಕಲ್. ಅದೇ ಸುಲಭ ಅಂತ ಮೊದ್ಲು ಅದೇ ಮಾಡ್ದೆ."

ಅವನು ಗೋಡೆಗೆ ಒರಗಿಕೊಂಡು ಕೂತ. ಹೇಳದೆ ಇರಬಹುದಾಗಿತ್ತೇನೋ. ಹೇಳಿದ. "ತಪ್ಪು ಪುಸ್ತಕದ್ದಲ್ಲ ಕಣಮ್ಮ, ನಂದು. ಸುಸ್ತಾಗಿತ್ತು, ಬೇಗ ಮುಗಿಸ್ಬುಟ್ಟೆ."

ಲಹರಿ ಬಿಡಿಸಿದ ಕಾಳನ್ನೇ ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಳು.

ವಸಿಷ್ಠನಿಗೆ ಫೋನು ಮಾಡಿದರೆ, "ಹಸಿರು ಟಿಕ್ ಬಂದಿದೆಯಲ್ರೀ, ಆಗ್ಲೇ ಎಲ್ರಿಗೂ ಹೋಗಿದೆ. ಮುಂದಿನ ಸಲ ಸರಿ ಮಾಡಿದ್ರಾಯ್ತು," ಅಂದ.

"ಅಷ್ಟೊತ್ತಿಗೆ ಈ ಹುಡುಗಿ ಪರೀಕ್ಷೆ ಮುಗಿದೋಗಿರುತ್ತೆ ಸಾರ್."

"ಯಾವ ಹುಡುಗಿ?"

"ಮಾಡಿ ಕಳಿಸ್ತೀನಿ. ಹಳೇದು ಕೇಳ್ಬೇಡಿ ಅಂತ ಎಲ್ರಿಗೂ ಹೇಳ್ಬುಡಿ ಸಾರ್, ಅಷ್ಟು ಮಾಡಿ."

ಅಲ್ಲಿಂದ ಐದು ದಿನ ಅವನು ಚೌಕಟ್ಟು ಬಿಚ್ಚಿದ. ಹೂವು ತೆಗೆದ. 'ಹೊಂದಿಸಿ ಬರೆಯಿರಿ' ಎಂಬುದನ್ನು ತಲೆಬರಹ ಮಾಡಿದ. ಎಡಗಡೆಯ ಪಟ್ಟಿ ಪೂರ್ತಿ ಒಂದು, ಅದು ಮುಗಿದ ಮೇಲೆ ಬಲಗಡೆಯದು ಪೂರ್ತಿ ಒಂದು. ಮಧ್ಯೆ ಮಧ್ಯೆ ಕತ್ತು ತಿರುಗುತ್ತಿರಲಿಲ್ಲ, ಹೆಂಡತಿ ಬಿಸಿನೀರಿನ ಬಟ್ಟೆ ಇಟ್ಟು ಬೈದು ಹೋಗುತ್ತಿದ್ದಳು. ಸಾಫ್ಟ್‌ವೇರಿನ ಹಸಿರನ್ನು ನಂಬಲು ಮನಸ್ಸಾಗಲಿಲ್ಲ. ಪಕ್ಕದಲ್ಲಿ ಚಾಪೆ ಹಾಕಿ ತಾಯಿಯನ್ನು ಕೂರಿಸಿಕೊಂಡು ಫೋನಿನ ದನಿಯಿಂದ ಒಂದೊಂದೇ ಓದಿಸಿದ. ಬಸಮ್ಮ ಕಣ್ಣು ಮುಚ್ಚಿಕೊಂಡು ಕೇಳುವಳು. ನಿದ್ದೆ ಹೋಗಿದ್ದಾಳೆ ಅಂದುಕೊಂಡರೆ, "ಇದ್ಯಾಕ್ಲಾ, ಯಾರೋ ಇಬ್ರು ಒಟ್ಗೇ ಮಾತಾಡ್ದಂಗದೆ. ಹೊಸಾ ಮಾತು ಶುರುವಾಯ್ತು ಅಂತ ಹೇಳ್ದೆ ಶುರು ಮಾಡ್ತದೆ," ಅನ್ನುವಳು. ಹೋಗಿ ನೋಡಿದರೆ ಅಲ್ಲೊಂದು ಗುರುತು ಬಿಟ್ಟುಹೋಗಿರುತ್ತಿತ್ತು. ಹಾಗೆ ಹನ್ನೊಂದು ಕಡೆ ಹಿಡಿದಳು.

ಹೊಸ ಫೈಲು ಲಹರಿಗೆ ಸಿಕ್ಕಿತು. ಆದರೆ ಒಮ್ಮೆ ಕೂತ ತಪ್ಪು ಸುಲಭವಾಗಿ ಏಳುತ್ತದೆಯೇ? ದಿನಾ ಮಧ್ಯಾಹ್ನ ಬಸಮ್ಮ ಕೇಳುವಳು, ಹುಡುಗಿಯ ಬಾಯಲ್ಲಿ ಹಳೆಯದೇ ಬರುವುದು, ನಾಲಗೆ ಕಚ್ಚಿಕೊಳ್ಳುವಳು. ಒಳಗೆ ಕೂತವನಿಗೆ ಪ್ರತಿಯೊಂದು ತಪ್ಪೂ ಕೇಳಿಸುತ್ತಿತ್ತು. ಬಾಗಿಲು ಮುಚ್ಚಿಕೊಳ್ಳಬಹುದಾಗಿತ್ತು, ಮುಚ್ಚಲಿಲ್ಲ.

ಪರೀಕ್ಷೆಯ ದಿನ ಅವಳು ಹೇಳಿದ್ದನ್ನು ಬರೆಯಲು ಜೊತೆಗೊಬ್ಬಳು ಇದ್ದಳು. ಮಧ್ಯಾಹ್ನ ಲಹರಿ ಆಟೋ ಇಳಿದು ನೇರವಾಗಿ ಜಗಲಿಗೇ ಬಂದು ಕೂತಳು. ಬಸಮ್ಮ ನೀರು ಕೊಟ್ಟಳು. ಮೃತ್ಯುಂಜಯ ಬಾಗಿಲಲ್ಲೇ ನಿಂತ. ಕೇಳಲು ಧೈರ್ಯ ಬರಲಿಲ್ಲ.

"ರಾಜಧಾನಿಗಳೇ ಬಂದಿದ್ವು ಅಂಕಲ್. ಗಂಗರು ಅಂದ ತಕ್ಷಣ ಬಾದಾಮಿ ಅಂದ್ಬುಟ್ಟೆ. ಅವ್ರು ಬರ್ದೂ ಬುಟ್ರು. ಆಮೇಲೆ ಅಜ್ಜಿ ಕಾಲು ಮರಳಲ್ಲಿ ಊತೋಗಿದ್ದು ನೆನಪಾಯ್ತು. ಹೊಡೆದಾಕಿ, ತಲಕಾಡು ಬರೀರಿ ಅಂದೆ."

"ಮಿಕ್ಕವು?"

"ಐದರಲ್ಲಿ ಮೂರು ಸರಿ. ಎರಡು ಹಳೇದೇ ಬಂದ್ಬುಡ್ತು." ನೀರು ಕುಡಿದಳು. "ಆದ್ರೂ ಈ ಸಲ ಪಾಸಾಗ್ತೀನಿ ಅನ್ಸುತ್ತೆ."

"ಅನ್ಸೋದೇನು, ಆಯ್ತೀಯ ಬುಡು," ಅಂದಳು ಬಸಮ್ಮ.

ಎರಡು ಹಳೇದು ಎಂಬ ಮಾತು ಮೃತ್ಯುಂಜಯನ ಕಿವಿಯಲ್ಲೇ ಉಳಿಯಿತು. ಹಳೆಯ ಫೈಲು ಇನ್ನೂ ಎಷ್ಟು ಜನರ ಫೋನಿನಲ್ಲಿ ಕೂತಿತ್ತೋ, ಅವರ ಪಕ್ಕ ತಲಕಾಡಿಗೆ ಹೋಗಿ ಬಂದ ಅಜ್ಜಿ ಇದ್ದಳೋ ಇಲ್ಲವೋ. ಒಳಗೆ ವಸಿಷ್ಠ ಕಳಿಸಿದ್ದ ಅರ್ಥಶಾಸ್ತ್ರದ ಗೈಡು ತೆರೆದಿತ್ತು. ಅವನು ಕತ್ತು ನೀವಿಕೊಂಡು, ತಾಯಿಯ ಚಾಪೆಯನ್ನು ಕೊಡವಿ ಕಂಪ್ಯೂಟರಿನ ಪಕ್ಕಕ್ಕೆ ಹಾಸಿದ.

"ಅವ್ವ, ಕೈ ಬಿಡುವಾದ್ರೆ ಬಾ. ಒಂದನೇ ಪಾಠ ಇದೆ, ಕೇಳು."