ಕಾಲಿಲ್ಲದವರ ಕಾಲ್ಗುಣ

ಕಾಲೇ ಇಲ್ಲದ ಪ್ರಾಣಿಗೂ ಕಾಲ್ಗುಣ ಹಚ್ಚಿದ ಮನೆ ನಮ್ಮದು. ಅದಕ್ಕೂ ಮೊದಲು ಆ ಕಾಲ್ಗುಣ ನನ್ನ ಪಾಲಿಗಿತ್ತು. ಮದುವೆಯಾಗಿ ಹೈದರಾಬಾದಿನ ಲಿಂಗಂಪಲ್ಲಿಯ ಮನೆಗೆ ಬಂದ ಮೂರನೇ ತಿಂಗಳಿಗೆ ನಮ್ಮ ಮಾವ ಹೃದಯಾಘಾತವಾಗಿ ತೀರಿಕೊಂಡರು. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಕೂತು ದಿನಕ್ಕೆ ಎರಡು ಪ್ಯಾಕೆಟ್ ಸಿಗರೇಟು ಸುಟ್ಟ ಮನುಷ್ಯ. ಆದರೆ ರಾಯಚೂರು ಕಡೆಯಿಂದ ಮಾತಾಡಿಸಲು ಬಂದ ಹೆಂಗಸರು ಸಿಗರೇಟಿನ ಸುದ್ದಿ ಎತ್ತಲಿಲ್ಲ. ಒಬ್ಬೊಬ್ಬರೂ ಮೊದಲು ನನ್ನ ಕಾಲು ನೋಡಿದರು. ಅತ್ತೆಯೂ ನೋಡಿದರು. ನಾನು ಸೀರೆಯ ನೆರಿಗೆ ಎಳೆದು ಕಾಲು ಮುಚ್ಚಿಕೊಂಡೆ. ಯಾಕೆ ಮುಚ್ಚಿಕೊಂಡೆನೋ, ಅದನ್ನು ನೆನೆಸಿಕೊಂಡರೆ ಇವತ್ತಿಗೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಮೀನು ಬಂದದ್ದು ಅದಾಗಿ ಎರಡು ವರ್ಷಕ್ಕೆ. ಹೈದರಾಬಾದಿಗೆ ಆಗ ಕಂಪ್ಯೂಟರ್ ಹುಚ್ಚು ಹಿಡಿದಿತ್ತು. ಕೊಂಡಾಪುರದ ಬಂಡೆ ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ಕಲ್ಲು ಹೊರುವವರಲ್ಲಿ ಎಷ್ಟೋ ಜನ ನಮ್ಮ ಕಡೆಯವರೇ. ಬಸ್ಸಿನಲ್ಲಿ ಹೋಗುವಾಗ ಅವರ ಕನ್ನಡ ಕಿವಿಗೆ ಬಿದ್ದರೆ ಕೊರಳು ತಿರುಗಿಸಿ ನೋಡುತ್ತಿದ್ದೆ. ನಮ್ಮ ಮನೆಯವರು ಅಂಥದೇ ಒಂದು ಗಾಜಿನ ಕಟ್ಟಡದೊಳಗೆ ಕೂತು ಪ್ರೋಗ್ರಾಮ್ ಬರೆಯುತ್ತಿದ್ದರು. ಕಂಪ್ಯೂಟರ್ ಬಂದಷ್ಟೇ ಜೋರಾಗಿ ವಾಸ್ತುವೂ ಬಂತು. ವಾಸ್ತು ನೋಡುವವರೊಬ್ಬರು ದಿಕ್ಸೂಚಿ ಹಿಡಿದು ನಮ್ಮ ಮನೆ ಸುತ್ತಿ, ಈಶಾನ್ಯ ಮೂಲೆಯಲ್ಲಿ ದೋಷವಿದೆ, ಅಲ್ಲಿ ಮೀನಿನ ತೊಟ್ಟಿ ಇಡಿ ಅಂದರು. ಎಂಟು ಬಂಗಾರದ ಬಣ್ಣದವು, ಒಂದು ಕರಿದು. ಯಾವುದಾದರೂ ಸತ್ತರೆ ಹೆದರಬೇಡಿ, ಮನೆಗೆ ಬರುವ ಪೀಡೆಯನ್ನು ಅದು ತನ್ನ ಮೇಲೆ ತಗೊಂಡು ಹೋಯಿತು ಅಂತ ತಿಳಿದು ಹೊಸದು ತಂದುಬಿಡಿ ಅಂತಲೂ ಹೇಳಿಹೋದರು.

ಅವತ್ತಿನಿಂದ ನಮ್ಮ ಮನೆಯಲ್ಲಿ ಮೀನು ಸತ್ತರೆ ಯಾಕೆ ಸತ್ತಿತು ಅಂತ ಯಾರೂ ಕೇಳಲಿಲ್ಲ. ಯಾರಿಗಾಗಿ ಸತ್ತಿತು ಅಂತ ಕೇಳುತ್ತಿದ್ದರು. ಬಾಲ ಸೀಳಿದ್ದು ಇವರನ್ನು ಸ್ಕೂಟರ್ ಅಪಘಾತದಿಂದ ಉಳಿಸಿತ್ತು. ದಪ್ಪನೆಯದು ಅತ್ತೆಯ ಸಕ್ಕರೆ ಕಾಯಿಲೆ ಇಳಿಸಿತ್ತು. "ಪೀಡಾ ಹೋತು" ಅಂದು ಅತ್ತೆ ಕೈ ತೊಳೆದುಕೊಂಡು, ಹೊಸ ಮೀನು ತರಲು ನನ್ನನ್ನು ಕಳಿಸುತ್ತಿದ್ದರು. ಮೊದಲು ತಂದ ಒಂಬತ್ತರಲ್ಲಿ ಕೊನೆಗೆ ಉಳಿದದ್ದು ಆ ಉಬ್ಬುಗಣ್ಣಿನ ಕರಿ ಮೀನು ಒಂದೇ. ಅದರ ಬಗ್ಗೆಯೂ ಅತ್ತೆಯ ಹತ್ತಿರ ಮಾತು ಸಿದ್ಧವಿತ್ತು. "ಕರೀದು ದೊಡ್ಡ ಪೀಡಾಕ್ಕ ಅಂತ ಕಾಯ್ಕೊಂಡ ಕುಂತೈತಿ ನೋಡು."

ಯಾಕೆ ಸಾಯುತ್ತಿದ್ದವು ಅಂತ ನನಗೆ ಗೊತ್ತಿತ್ತು. ಆ ಜಾತಿಯ ಮೀನು ತಣ್ಣೀರಿನವು. ಬೇಸಿಗೆಯಲ್ಲಿ ತೊಟ್ಟಿಯ ನೀರು ಮಧ್ಯಾಹ್ನಕ್ಕೆ ಸ್ನಾನದ ನೀರಾಗುತ್ತಿತ್ತು. ಬಿಸಿ ನೀರಿನಲ್ಲಿ ಗಾಳಿ ಕಡಿಮೆ. ಸಾಲದ್ದಕ್ಕೆ ದಿನಾ ಕರೆಂಟು ಹೋಗಿ ಗುಳ್ಳೆ ಬಿಡುವ ಪಂಪು ನಿಲ್ಲುತ್ತಿತ್ತು. ಉಸಿರು ಸಿಗದೆ ಅವು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡಿದರೆ ಅತ್ತೆ, "ಹಾಡಾಕತ್ತಾವ ನೋಡು" ಅಂತ ಕೈ ಮುಗಿಯುತ್ತಿದ್ದರು. ನಾನು ಫ್ರಿಜ್ಜಿನಿಂದ ಐಸ್ ಗಟ್ಟಿದ ಬಾಟಲಿ ತಂದು ತೇಲಿಬಿಡುತ್ತಿದ್ದೆ. ದಿನಾ ಎಷ್ಟೂಂತ ತೇಲಿಬಿಡುವುದು?

ಹೇಳಬೇಕಾದ ಒಂದು ಮಾತಿದೆ. ರಾಯಚೂರಿನಲ್ಲಿ ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು. ಕನ್ಯೆ ತೋರಿಸುವಾಗ ನಮ್ಮ ಸೋದರಮಾವ "ಹುಡುಗಿ ಕಂಪ್ಯೂಟರ್ ಕಲ್ತಾಳ್ರಿ" ಅಂತ ಸುಳ್ಳು ಹೇಳಿದ್ದ, ಆಗ ಅದಕ್ಕೇ ಬೆಲೆ. ನಿಜ ಗೊತ್ತಾದ ಮೇಲೆ ಇವರು ನಕ್ಕು, "ಅಂದ್ರ ರೇಡಿಯೋ ರಿಪೇರಿ ಅನ್ನು" ಅಂದಿದ್ದರು. ತಂತಿ ಬೆಸೆಯುವ ನನ್ನ ಸಾಲ್ಡರಿಂಗ್ ಕಡ್ಡಿ ಟ್ರಂಕಿನ ತಳದಲ್ಲಿ, ಮದುವೆ ಸೀರೆಯ ಕೆಳಗೆ ಮಲಗಿತ್ತು. ಒಂದು ದಿನ ಎರಡು ಮೀನು ಒಟ್ಟಿಗೆ ಬಾಯಿ ಬಿಡುತ್ತಿದ್ದುದನ್ನು ನೋಡಿ ಸೀದಾ ಹೋಗಿ ಅದನ್ನು ಹೊರಗೆ ತೆಗೆದೆ.

ಬಸ್ಸು ಹಿಡಿದು ಕೋಠಿಗೆ ಹೋದೆ. ಅಲ್ಲಿಯ ಗಲ್ಲಿಯೊಂದರಲ್ಲಿ ಬಿಡಿಭಾಗದ ಅಂಗಡಿಗಳು. "ಕ್ಯಾ ಹೋನಾ ಅಮ್ಮಾ? ಭಾಯ್‌ಸಾಬ್ ಕೋ ಭೇಜೋ" ಅಂದ ಅಂಗಡಿಯವನು. ಗಂಡನನ್ನು ಕಳಿಸಬೇಕಂತೆ! ನನಗೆ ಬೇಕಾದ ಚಿಪ್ಪಿನ ನಂಬರು ಹೇಳಿ, ರಿಲೇಗೆ ಮೀಟರ್ ಹಚ್ಚಿ ತೋರಿಸಿದರೆ ಮಾತ್ರ ತಗೊಳ್ತೀನಿ ಅಂದೆ. ಆಮೇಲೆ ಅವನ ಬಾಯಲ್ಲಿ ಭಾಯ್‌ಸಾಬ್ ಬರಲಿಲ್ಲ.

ಯಂತ್ರ ಅಂದರೆ ದೊಡ್ಡದೇನಲ್ಲ. ಬಿಸಿ ಏರಿದಂತೆ ವೋಲ್ಟೇಜು ಏರಿಸುವ ಮೂರು ಕಾಲಿನ ಒಂದು ಸೆನ್ಸರು. ಆ ವೋಲ್ಟೇಜು ನಾನು ಹಾಕಿದ ಗೆರೆ ದಾಟಿತೇ ಇಲ್ಲವೇ ಅಂತ ನೋಡುವ ಎಂಟು ಕಾಲಿನ ಚಿಪ್ಪು. ದಾಟಿದರೆ ರಿಲೇ, ಅಂದರೆ ಕರೆಂಟಿನಿಂದ ತಾನೇ ಕೂಡುವ ಸ್ವಿಚ್ಚು, ಟಕ್ ಅಂತ ಕೂತು, ನೀರಿನ ಮೇಲೆ ಗಾಳಿ ಹಾಯಿಸುವ ಫ್ಯಾನು ತಿರುಗಬೇಕು. ನಮ್ಮ ಎಲೆಕ್ಟ್ರಾನಿಕ್ಸಿನಲ್ಲಿ ಚಿಪ್ಪಿನ ತಂತಿಗಳಿಗೆ ಕಾಲು ಅಂತಲೇ ಅನ್ನುವುದು. ಫ್ಯಾನನ್ನು ಇವರ ಕೆಟ್ಟ ಕಂಪ್ಯೂಟರಿನಿಂದ ಬಿಚ್ಚಿದೆ. ಕಂಪನಿಯ ಕ್ಯಾಂಟೀನು ಬಂದ ಮೇಲೆ ಮೂಲೆ ಸೇರಿದ್ದ ಇವರ ಪ್ಲಾಸ್ಟಿಕ್ ಬುತ್ತಿ ಡಬ್ಬಿ ಯಂತ್ರದ ಮನೆಯಾಯಿತು. ಸೆನ್ಸರನ್ನು ಅತ್ತೆಯ ಹೋಮಿಯೋಪತಿ ಗುಳಿಗೆಯ ಖಾಲಿ ಸೀಸೆಯಲ್ಲಿಟ್ಟು, ಶಾಖ ಚೆನ್ನಾಗಿ ತಾಗಲಿ ಅಂತ ಎರಡು ಹನಿ ಕುಸುಬೆ ಎಣ್ಣೆ ಬಿಟ್ಟು, ಬಾಯಿ ಮುಚ್ಚಿ ನೀರಿಗೆ ಇಳಿಬಿಟ್ಟೆ. ಇವರು ನೋಡಿ, "ಒಂದ ಪ್ರೋಗ್ರಾಮ್ ಬರದ್ರ ಮುಗೀತಿತ್ತು" ಅಂದರು. ಬರೆಯಿರಿ ಅಂದೆ. ಬರೆಯಲಿಲ್ಲ.

ಮೊದಲ ದಿನ ಬೆಳಿಗ್ಗೆ ಸ್ವಿಚ್ಚು ಹಾಕಿದ ತಕ್ಷಣ ಫ್ಯಾನು ತಿರುಗಿತು. ನಾನು ಬೀಗಿದೆ. ಐಸ್ ಬಾಟಲಿ ಬಿಡದೆ ಅತ್ತೆಯ ಜೊತೆ ಮದುವೆಯೊಂದಕ್ಕೆ ಹೋದೆ. ತಿರುಗಿ ಬಂದಾಗ ಫ್ಯಾನು ನಿಂತಿತ್ತು, ಎರಡು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಡಬ್ಬಿ ಬಿಚ್ಚಿ ನೋಡಿದರೆ ಚಿಪ್ಪಿನ ಎರಡನೇ ಕಾಲಿಗೆ ಹೋಗಬೇಕಾದ ತಂತಿ ಮೂರನೇ ಕಾಲಿಗೆ, ಮೂರನೆಯದು ಎರಡಕ್ಕೆ. ತಂಪಿದ್ದಾಗ ತಿರುಗಿ, ಕಾದಾಗ ನಿಲ್ಲುವ ಫ್ಯಾನು ಕಟ್ಟಿದ್ದೆ ನಾನು. ಆ ಎರಡನ್ನು ಕೊಂದವಳು ನಾನೇ, ಅದರಲ್ಲಿ ಮುಚ್ಚಿಡುವುದೇನಿಲ್ಲ. ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಆದರೆ ಅದೇ ವಾರ ಇವರಿಗೆ ಬಡ್ತಿ ಸಿಕ್ಕಿತು. "ಎರಡ ಹೋದ್ವು, ಅದಕ್ಕ ದೊಡ್ಡದ ಬಂತು" ಅಂತ ನಮ್ಮ ಅತ್ತೆ ಓಣಿಗೆಲ್ಲ ಸಿಹಿ ಹಂಚಿದರು. ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ನಾನು ಪೇಡೆ ಬಾಯಿಗೆ ಹಾಕಿಕೊಳ್ಳದೆ ತಂತಿ ಬಿಚ್ಚಿ ಅದಲುಬದಲು ಮಾಡಿದೆ. ಕಾಲಿನ ದೋಷ ಅಂದರೆ ಅದು. ಹುಡುಕಿದರೆ ಸಿಗುತ್ತದೆ, ಕಾಯಿಸಿ ಬಿಚ್ಚಿದರೆ ಸರಿಯಾಗುತ್ತದೆ.

ಎರಡನೇ ಸಲ ಪೂರ್ತಿ ಕಟ್ಟಿದೆ. ಕರೆಂಟು ಹೋದರೆ ರಿಲೇ ಬಿದ್ದು, ಸ್ಕೂಟರಿನ ಹಳೆ ಬ್ಯಾಟರಿಯ ಮೇಲೆ ಒಂದು ಸಣ್ಣ ಪಂಪು ಶುರುವಾಗುವಂತೆ ಮಾಡಿದೆ. ಜೊತೆಗೆ ನನಗೆ ಗೊತ್ತಾಗಲಿ ಅಂತ ಕರೆಂಟು ಇದ್ದಾಗ ಉರಿಯುವ ಹಸಿರು ದೀಪ, ಹೋದಾಗ ಪೀಂ ಅಂತ ಕೂಗುವ ಬಜರ್. ಇಡೀ ಬೇಸಿಗೆ ಕಳೆಯಿತು, ಮಳೆಗಾಲ ಕಳೆಯಿತು, ಮತ್ತೊಂದು ಬೇಸಿಗೆ ಬಂತು. ಒಂದು ಮೀನೂ ಸಾಯಲಿಲ್ಲ. ನನ್ನ ಜೀವನದಲ್ಲಿ ನಾನು ಪಾಸಾದ ಪರೀಕ್ಷೆಗಳಲ್ಲಿ ಅದೇ ದೊಡ್ಡದು, ಅಂಕಪಟ್ಟಿ ಇಲ್ಲದಿದ್ದರೇನಂತೆ.

ನಾನು ಹಿಗ್ಗಿದಷ್ಟು ಅತ್ತೆ ಕುಗ್ಗಿದರು. "ಇಷ್ಟ ದಿನಾ ಆತು, ಒಂದೂ ಹೋಗಿಲ್ಲಲ್ಲವಾ" ಅಂತ ತೊಟ್ಟಿಯ ಮುಂದೆ ಕೂಡುತ್ತಿದ್ದರು. ಪೀಡೆ ಎಲ್ಲಿ ಹೋಗಬೇಕು ಈಗ, ಅನ್ನುವುದು ಅವರ ಚಿಂತೆ. ಆಗಲೇ ಅಮೆರಿಕದಿಂದ ಕೆಲಸ ಬರುವುದು ಕಡಿಮೆಯಾಯಿತು. ಒಂದು ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಇವರು ಕೈಯಲ್ಲಿ ರಟ್ಟಿನ ಡಬ್ಬ ಹಿಡಿದು ಮನೆಗೆ ಬಂದರು. ಅವರ ತಂಡದಲ್ಲಿ ಒಂಬತ್ತು ಜನ, ಇವರನ್ನೊಬ್ಬರನ್ನು ತೆಗೆದಿದ್ದರು. ಉಳಿದವರ ಒಳ್ಳೆಯದಕ್ಕೆ ಯಾರಾದರೂ ಒಬ್ಬರು ಹೋಗಲೇಬೇಕಾಗುತ್ತದೆ ಅಂತ ಮ್ಯಾನೇಜರ್ ಕೈಕುಲುಕಿ ಹೇಳಿದನಂತೆ. ಇವರು ಅದನ್ನು ಗೋಡೆಗೆ ಹೇಳಿದಂತೆ ಹೇಳಿ ಒಳಗೆ ಹೋಗಿ ಮಲಗಿದರು.

ಅತ್ತೆ ಅಳಲಿಲ್ಲ. ನನ್ನ ಹತ್ತಿರ ಬಂದು, "ಆ ಡಬ್ಬಿ ಆರಿಸು" ಅಂದರು.

"ಯಾಕ್ರಿ ಅತ್ತಿ?"

"ಮೀನ ತಗೋಬೇಕಾದ್ದು ನನ್ನ ಮಗನ ತಲಿ ಮ್ಯಾಲೆ ಬಂತು. ನೀ ಅದನ್ನ ಸಾಯಗೊಡವಲ್ಲಿ. ಆರಿಸು. ಕರೀದು ಹೋದ್ರ ಎಲ್ಲಾ ಸುದ್ದ ಆಗ್ತೈತಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. "ನಾ ಆರಿಸಂಗಿಲ್ಲರಿ" ಅಂದೆ. ಆ ಮನೆಯಲ್ಲಿ ಅತ್ತೆಗೆ ನಾನು ಹಾಗೆ ಅಂದದ್ದು ಅದೇ ಮೊದಲು. ಮಾತು ವಾಪಸ್ ತಗೊಳ್ಳಲಿಲ್ಲ. ಅತ್ತೆ ಎರಡು ದಿನ ನಾನು ಬಡಿಸಿದ್ದು ಉಣ್ಣಲಿಲ್ಲ. ಆದರೂ ಡಬ್ಬಿಯ ಹಸಿರು ದೀಪ ಆರಲು ನಾನು ಬಿಡಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದೆ. ಬಜರ್ ಕೂಗಿತು. ಕರೆಂಟು ಹೋಯಿತು ಅಂದುಕೊಂಡು ತಲೆ ಎತ್ತಿದರೆ ನನ್ನ ತಲೆಯ ಮೇಲಿನ ಫ್ಯಾನು ತಿರುಗುತ್ತಲೇ ಇದೆ. ಯಾರೋ ಪ್ಲಗ್ಗು ಕಿತ್ತಿದ್ದಾರೆ. ಹಿಟ್ಟಿನ ಕೈಯಲ್ಲೇ ಓಡಿದೆ. ಅತ್ತೆಯ ಜೊತೆ ಜಗಳಕ್ಕೆ ಮಾತು ಜೋಡಿಸಿಕೊಂಡೇ ಓಡಿದ್ದೆ. ಆದರೆ ತೊಟ್ಟಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತಿದ್ದವರು ನಮ್ಮ ಮನೆಯವರು. ಒಂದು ಕೈಯಲ್ಲಿ ಪ್ಲಗ್ಗು, ಇನ್ನೊಂದು ಕೈಯಲ್ಲಿ ಬುತ್ತಿ ಡಬ್ಬಿ. ಬಜರ್ ಬಾಯಿ ಮುಚ್ಚಿಸುವುದು ಗೊತ್ತಾಗದೆ ಡಬ್ಬಿಯನ್ನು ತಿರುವಿ ಮುರುವಿ ನೋಡುತ್ತಿದ್ದರು.

"ಏನ್ರಿ ಮಾಡಾಕತ್ತೀರಿ?"

"ಅವ್ವ ಉಣ್ಣವಲ್ಲಳು" ಅಂದರು, ನನ್ನ ಮುಖ ನೋಡದೆ. "ಒಂದ ಮೀನ. ಒಂದ ಹೋದ್ರ ಆಕೀಗೆ ಸಮಾಧಾನ ಆಗ್ತೈತಿ."

ಅತ್ತೆಯನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ಆದರೆ ಓದಿದ ಈ ಮನುಷ್ಯ? ಮೈಯೆಲ್ಲ ಉರಿಯಿತು.

"ಯಾವ ಮೀನರಿ? ಬೆರಳ ಮಾಡಿ ತೋರಸ್ರಿ. ಒಂಬತ್ತರಾಗ ಯಾವುದು ಹೋಗಬೇಕು ಅಂತ ನೀವ ಹೇಳ್ರಿ."

ಅವರು ತೋರಿಸಲಿಲ್ಲ. ಬಜರ್ ಕೂಗುತ್ತಲೇ ಇತ್ತು.

"ನಿಮ್ಮನ್ನ ತಗದಾಗ ನಿಮ್ಮ ಮ್ಯಾನೇಜರೂ ಹಿಂಗ ಪ್ಲಗ್ ಹಿಡಕೊಂಡ ಕುಂತಿದ್ನೇನ್ರಿ? ಒಬ್ಬ ಹೋದ್ರ ಉಳಿದವರಿಗೆ ಸಮಾಧಾನ ಅಂತ?"

ಅವರ ಮುಖ ಸುಟ್ಟಂತಾಯಿತು. ತಾವೇ ಪ್ಲಗ್ಗು ಗೋಡೆಗೆ ಹಾಕಿದರು. ಬಜರ್ ನಿಂತಿತು. ಆಗ ನೋಡಿದರೆ ಬಾಗಿಲಲ್ಲಿ ಅತ್ತೆ.

"ಅಂದ್ರ, ನನ್ನ ಮಗ ಮೀನೇನು?" ಅಂದರು.

"ಅವರೂ ಮೀನಲ್ಲರಿ, ನಾನೂ ಅಲ್ಲ" ಅಂದೆ. "ಮಾವನವರು ಹೋದಾಗ ನೀವು ನನ್ನ ಕಾಲ ನೋಡಿದ್ರಿ. ನಾ ಮರತಿಲ್ಲ. ಅವರು ಹೋದದ್ದು ನನ್ನ ಕಾಲಿನಿಂದಲ್ಲ, ನಿಮ್ಮ ಮಗನ ಕೆಲಸ ಹೋದದ್ದು ಈ ಡಬ್ಬಿಯಿಂದಲ್ಲ. ಇನ್ನೊಂದ ಸಲ ಯಾರರೆ ಪ್ಲಗ್ ತಗದ್ರ ಈ ಮನ್ಯಾಗ ನಾ ಇರಂಗಿಲ್ಲ."

ಹಿಟ್ಟು ಹತ್ತಿದ ಕೈಯನ್ನು ಸೊಂಟದ ಮೇಲಿಟ್ಟು ನಿಂತಿದ್ದೆ. ಅತ್ತೆ ಒಳಗೆ ಹೋದರು. ಸಂಜೆ ಬಂದು ತಟ್ಟೆ ಹಾಕಿಕೊಂಡು ಎರಡು ರೊಟ್ಟಿ ಉಂಡರು. ಕ್ಷಮೆ ಕೇಳುವ ಜಾತಿಯವರಲ್ಲ ಅವರು, ನಾನೂ ಕೇಳಲಿಲ್ಲ. ಐದಾರು ತಿಂಗಳ ಮೇಲೆ ಇವರಿಗೆ ಬೇರೆ ಕೆಲಸ ಸಿಕ್ಕಾಗ ಅತ್ತೆ ಅದನ್ನು ತಮ್ಮ ಸೋಮವಾರದ ಉಪವಾಸದ ಲೆಕ್ಕಕ್ಕೆ ಹಾಕಿದರು. ಹಾಕಿಕೊಳ್ಳಲಿ. ಉಪವಾಸದಿಂದ ಮೀನು ಸಾಯುವುದಿಲ್ಲ.

ಕರಿ ಮೀನು ಅದಾದ ಮೇಲೂ ಎಷ್ಟೋ ವರ್ಷ ಬದುಕಿತು. ಕಣ್ಣು ಮಸುಕಾಗಿ, ಬಣ್ಣ ಮಾಸಿ, ಕೊನೆಗೆ ಒಂದು ಚಳಿಗಾಲದ ಬೆಳಿಗ್ಗೆ ತೊಟ್ಟಿಯ ತಳದಲ್ಲಿ ಅಡ್ಡ ಬಿದ್ದಿತ್ತು. ನೀರು ತಣ್ಣಗಿತ್ತು, ಪಂಪು ಗುಳ್ಳೆ ಬಿಡುತ್ತಿತ್ತು, ಡಬ್ಬಿಯಲ್ಲಿ ಯಾವ ತಪ್ಪೂ ಇರಲಿಲ್ಲ. ಕೈ ಹಾಕಿ ಅದನ್ನು ಎತ್ತಿಕೊಂಡೆ. ಅಷ್ಟೊತ್ತಿಗೆ ಅತ್ತೆ ಗೋಡೆ ಹಿಡಿದು ಮೆಲ್ಲಗೆ ನಡೆದು ಬಂದು ಪಕ್ಕದಲ್ಲಿ ನಿಂತರು.

"ಯಾರ ಪೀಡಾ ತಗೊಂಡ ಹೋತವಾ?" ಅಂತ ಕೇಳಿದರು.

"ಯಾರದೂ ಅಲ್ಲರಿ ಅತ್ತಿ. ಅದರ ಸಾವ ಅದು ಸತ್ತೈತಿ."

ಅತ್ತೆ ಈ ಸಲ ನನ್ನ ಕಾಲು ನೋಡಲಿಲ್ಲ, ಮುಖ ನೋಡಿದರು. ನಾನೂ ಕಣ್ಣು ಇಳಿಸಲಿಲ್ಲ.