ನಾಲ್ಕು ಬೆರಳಿನ ಹೆಜ್ಜೆ

ಯಾರಾದರೂ ಇಂಥ ಸಂಗತಿ ಹೇಳಿದರೆ, ಆ ದಿನ ನಿಮಗೆ ಜ್ವರ ಇತ್ತಾ ಎಂದು ಕೇಳುವವಳು ನಾನು. ಈಗ ನನ್ನದೇ ಒಂದು ಹೇಳಬೇಕಾಗಿದೆ. ಜ್ವರ ಇರಲಿಲ್ಲ. ಹಗಲು ಹನ್ನೊಂದು ಗಂಟೆ, ಐರೋಲಿಯ ನಮ್ಮ ಮನೆಯ ಹಾಲ್, ಮೇಲೆ ಫ್ಯಾನ್ ತಿರುಗುತ್ತಿತ್ತು. ನಂಬಲೇಬೇಕೆಂಬ ಒತ್ತಾಯವಿಲ್ಲ.

೨೦೧೧ರಲ್ಲಿ ಠಾಣೆಯ ಆಸ್ಪತ್ರೆಯೊಂದರಲ್ಲಿ ನನ್ನ ಎಡಸೊಂಟದ ಕೀಲು ಬದಲಾಯಿಸಿದರು. ಕೀಲು ಚೆನ್ನಾಗಿಯೇ ಕೂತಿತು. ಆದರೆ ಆಪರೇಷನ್ ಹೊತ್ತಿಗೆ ಕಾಲಿನ ನರಕ್ಕೆ ಎಳೆತ ಬಿದ್ದು ಪಾದ ಸೋತುಹೋಯಿತು. ಹೀಗೂ ಆಗಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರು, ನಾನೇ ಸಹಿ ಹಾಕಿದ್ದೆ. ಯಾರನ್ನು ದೂರುವುದು? ಪಾದ ಮೇಲೆತ್ತಲು ಬರುತ್ತಿರಲಿಲ್ಲ, ಹೆಬ್ಬೆರಳು ನೆಲಕ್ಕೆ ಉಜ್ಜುತ್ತಿತ್ತು. ಚಪ್ಪಲಿ ಕಳಚಿ ಹಿಂದೆ ಉಳಿದದ್ದು ನಾಲ್ಕು ಹೆಜ್ಜೆ ಹೋದ ಮೇಲೆ ಗೊತ್ತಾಗುತ್ತಿತ್ತು. ನರ ನಿಧಾನಕ್ಕೆ ಚಿಗುರುತ್ತದೆ, ಒಂದು ವರ್ಷ ನೋಡೋಣ ಎಂದರು. ದಿನಾ ಬೆಳಿಗ್ಗೆ ಪಾದಕ್ಕೆ ಟವೆಲ್ ಸಿಕ್ಕಿಸಿ ಎಳೆಯುವುದು, ಕ್ಯಾಲೆಂಡರಿನಲ್ಲಿ ಗೀಟು ಹಾಕುವುದು. ಹತ್ತು ತಿಂಗಳ ಗೀಟಾಯಿತು. ಬೆರಳು ಅಲ್ಲಾಡಲಿಲ್ಲ. ಆ ಗುರುವಾರ ನರದ ಪರೀಕ್ಷೆ ಇತ್ತು. ಕಾಲು ಬರುತ್ತದೋ ಇಲ್ಲವೋ, ಅಂದು ಹೇಳುವವರಿದ್ದರು.

ನಮ್ಮವರು ಮಾಜಿವಾಡಾದ ಹೋಟೆಲೊಂದರಲ್ಲಿ ಮ್ಯಾನೇಜರು. ಬೆಳಿಗ್ಗೆ ಆರಕ್ಕೇ ಹೊರಡುವ ಮೊದಲು ಗ್ಯಾಲರಿಯಲ್ಲಿ ಬಟ್ಟೆ ಒಣಗಿಸಿ ಹೋಗುತ್ತಿದ್ದರು. ಅದು ಮೊದಲು ನನ್ನ ಕೆಲಸ. ನಾನು ಗಿಡ್ಡ, ಹಗ್ಗ ಎತ್ತರ. ತುದಿಗಾಲಲ್ಲಿ ನಿಂತೇ ಎಟುಕಿಸಿಕೊಳ್ಳುತ್ತಿದ್ದೆ.

ನೆಲ ಒರೆಸಲು ಮಹಾದೇವಿ ಬರುತ್ತಿದ್ದಳು. ಗುಲ್ಬರ್ಗಾ ಕಡೆಯವಳು, ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಕುಕ್ಕರಗಾಲಲ್ಲಿ ಕೂತು ಹಿಂದೆ ಹಿಂದೆ ಸರಿಯುತ್ತ ಒರೆಸುವವಳು, ಅವಳ ಹೆಜ್ಜೆ ಎಲ್ಲಿಯೂ ಉಳಿಯುತ್ತಿರಲಿಲ್ಲ. ಉಳಿಯುತ್ತಿದ್ದದ್ದು ನನ್ನದು. ಒದ್ದೆ ನೆಲದ ಮೇಲೆ ನಾನು ಬರಿಗಾಲಲ್ಲಿ ಎಡಗಾಲು ಎಳೆದರೆ ಉದ್ದಕ್ಕೆ ಒಂದು ಪಟ್ಟೆ. "ಅಕ್ಕಾರ, ನಿಮ್ಮ ಎಡಗಾಲೇ ಕಸಾ ಹೊಡೀತದ. ನನಗ್ಯಾಕ ಪಗಾರ ಕೊಡ್ತೀರಿ?" ಎಂದು ದಿನಾ ಚುಚ್ಚುವಳು. ನನ್ನ ಎಡಗಾಲಿನ ಕಿರುಬೆರಳು ನೆಲಕ್ಕೆ ತಾಗುವುದಿಲ್ಲ ಎಂಬುದನ್ನೂ ಅವಳೇ ಗಮನಿಸಿದ್ದು. ಚಿಕ್ಕವಳಿದ್ದಾಗ ಅರೆಯುವ ಕಲ್ಲು ಬಿದ್ದು ಅದು ಪಕ್ಕದ ಬೆರಳಿನ ಮೇಲೆ ಏರಿ ಕೂತಿದೆ.

ಪರೀಕ್ಷೆಗೆ ಎರಡು ದಿನ ಇತ್ತು. ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಮಣೆ ಇಟ್ಟು ಬಸಳೆ ಹೆಚ್ಚುತ್ತಿದ್ದೆ. ಮಹಾದೇವಿ ಹಾಲ್ ಒರೆಸಿ ಬಟ್ಟೆ ಹಿಂಡಲು ಬಚ್ಚಲಿಗೆ ಹೋದಳು. ನಲ್ಲಿಯ ಸದ್ದು ಕೇಳುತ್ತಿತ್ತು. ನಾನು ತಲೆ ಎತ್ತಲಿಲ್ಲ. ಅವಳು ಹೊರಗೆ ಬಂದು ನಿಂತಳು.

"ಒಣಗೋತನಕ ತಡೀಲಿಕ್ಕ ಆಗಲಿಲ್ಲೇನ್ರಿ ಅಕ್ಕಾರ?" ಎಂದು ಗೊಣಗಿದವಳು ಬಗ್ಗಿ ನೋಡಿದಳು. ದನಿ ಬದಲಾಯಿತು. "ಇವತ್ತ ಕಸಾ ಹೊಡದಿಲ್ಲ ನೋಡ್ರಿ. ನಾಕೂ ಬೆರಳ ಛಲೋ ಬಿದ್ದಾವ."

ನನ್ನ ಕುರ್ಚಿಯ ಬುಡದಿಂದ ಗ್ಯಾಲರಿಯವರೆಗೆ ಹೆಜ್ಜೆಗಳಿದ್ದವು. ಬರಿಗಾಲು, ಎಡ, ಬಲ, ಎಡ, ಬಲ. ಬಲದ್ದಕ್ಕೆ ಐದು ಬೆರಳು, ಎಡದ್ದಕ್ಕೆ ನಾಲ್ಕು. ಎಳೆದ ಪಟ್ಟೆ ಎಲ್ಲೂ ಇಲ್ಲ.

"ನಾನು ಎದ್ದೇ ಇಲ್ಲ ಮಾರಾಯ್ತಿ," ಎಂದೆ.

ಅವಳು ನಕ್ಕಳು. ಆಮೇಲೆ ನನ್ನ ಕಾಲು ನೋಡಿದಳು. ಪಾದ ಎತ್ತಿ ಹಿಡಿಯುವ ಪ್ಲಾಸ್ಟಿಕ್ ಪಟ್ಟಿ, ಅದರ ಮೂರು ಬೆಲ್ಟು, ಮೇಲೆ ಬೂಟು, ಎಲ್ಲ ಹಾಕಿದ ಹಾಗೇ ಇತ್ತು. ಮಡಿಲ ತುಂಬ ಬಸಳೆ. ಅವಳು ಒಂದು ಹೆಜ್ಜೆಯ ಪಕ್ಕ ತನ್ನ ಪಾದ ಊರಿ ನೋಡಿದಳು. ಅವಳದು ಅಗಲ, ದೊಡ್ಡದು. ಗ್ಯಾಲರಿಯತ್ತ ಕೈ ತೋರಿಸಿದಳು. ನಾನು ಕೋಲು ಹಿಡಿದು ಗೋಡೆ ಬದಿಯಿಂದ ಹೋದೆ. ಹಗ್ಗದ ಕೆಳಗೆ ಹಿಮ್ಮಡಿಯ ಗುರುತು ಇರಲಿಲ್ಲ, ಬರೀ ಬೆರಳುಗಳು. ಅಲ್ಲಿಂದ ವಾಪಸು ಬಂದ ಹೆಜ್ಜೆಯೂ ಇರಲಿಲ್ಲ. ಫ್ಯಾನಿನ ಗಾಳಿಗೆ ಒಂದೊಂದೇ ಆರಿಹೋದವು.

ರಾತ್ರಿ ನಮ್ಮವರಿಗೆ ಹೇಳಿದರೆ, ತೂಕಡಿಸಿರಬೇಕು, ಮಹಾದೇವಿ ನಿನ್ನ ಸಮಾಧಾನಕ್ಕೆ ಹೂಂ ಅಂದಿರಬೇಕು ಎಂದರು. ಆದರೂ ನನಗೆ ಒಳಗೊಳಗೇ ಆಸೆ ಹುಟ್ಟಿತ್ತು, ಸುಳ್ಳು ಹೇಳುವುದಿಲ್ಲ. ಗುರುವಾರ ಸೂಜಿ ಚುಚ್ಚಿ ನೋಡಿದರು. ಏನೂ ಬಂದಿಲ್ಲ, ಇನ್ನು ಬರುವ ಸಂಭವ ಕಡಿಮೆ, ಪಟ್ಟಿಯಲ್ಲೇ ನಡೆಯುವುದು ರೂಢಿ ಮಾಡಿಕೊಳ್ಳಿ ಎಂದರು. ಮನೆಗೆ ಬಂದು ಕ್ಯಾಲೆಂಡರಿನ ಗೀಟು ನಿಲ್ಲಿಸಿದೆ.

ಮಹಾದೇವಿ ಮತ್ತೆ ಆ ತಮಾಷೆ ಮಾಡಲಿಲ್ಲ. ಮರುವರ್ಷ ಗಂಡನಿಗೆ ಶಹಾಡಿನಲ್ಲಿ ಕೆಲಸ ಸಿಕ್ಕಿ ಹೊರಟುಹೋದಳು. ಈಗ ಉದ್ದ ಕೋಲಿನ ಬಟ್ಟೆಯಿಂದ ನಾನೇ ನೆಲ ಒರೆಸುತ್ತೇನೆ. ಅಂದು ನಡೆದು ಹೋದದ್ದು ಏನು, ಯಾರು, ನನಗೆ ಇವತ್ತಿಗೂ ತಿಳಿದಿಲ್ಲ. ಒರೆಸಿ ಆದ ಮೇಲೆ ಅದೇ ಕುರ್ಚಿಯಲ್ಲಿ ಕೂತು ನೆಲ ಆರುವ ತನಕ ನೋಡುತ್ತಿರುತ್ತೇನೆ. ಆ ದಿನ ಇಲ್ಲಿಂದ ಬಟ್ಟೆ ಒಣಗಿಸಲು ಎದ್ದು ಹೋದವಳು ಇನ್ನೂ ವಾಪಸು ಬಂದಿಲ್ಲ.